ಮಗುವಿನ ಜಡೆ ಸ್ವೆಟರ್: ತಪ್ಪು ಎಲ್ಲಿದೆ, ಹೇಗೆ ಸರಿಪಡಿಸುವುದು

ಕೂದಲಿನ ಎಳೆಗಳನ್ನು ಒಂದರ ಮೇಲೊಂದು ದಾಟಿಸಿದರೆ ಜಡೆ. ಕಡ್ಡಿಯ ಮೇಲಿನ ಕುಣಿಕೆಗಳನ್ನು ಹಾಗೇ ದಾಟಿಸಿದರೆ ಕೇಬಲ್. ಎರಡಕ್ಕೂ ನಾವು ಹೆಣೆಯುವುದು ಅಂತಲೇ ಹೇಳುತ್ತೇವೆ. ಅದಕ್ಕೇ ಇಲ್ಲಿ ಕೇಬಲ್ಲನ್ನು ಜಡೆ ಎಂದೇ ಕರೆಯುತ್ತೇನೆ. ಕುಣಿಕೆಗಳು ದಾಟುವ ಜಾಗವನ್ನು ತಿರುವು ಅನ್ನುತ್ತೇನೆ.

ತಲೆಯ ಜಡೆ ತಪ್ಪಿದರೆ ಬಿಚ್ಚಿ ಎರಡು ನಿಮಿಷದಲ್ಲಿ ಮತ್ತೆ ಹಾಕಬಹುದು. ಸ್ವೆಟರ್ ಹಾಗಲ್ಲ. ಅದರಲ್ಲಿ ವಾರಗಟ್ಟಲೆ ಸಂಜೆಗಳು ಕೂತಿರುತ್ತವೆ. ತಪ್ಪು ಕಂಡ ಕೂಡಲೇ ಕಡ್ಡಿ ಎಳೆದು ಬಿಚ್ಚುವವರನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಜಡೆ ಸ್ವೆಟರಿನ ಬಹಳಷ್ಟು ತಪ್ಪುಗಳು ಒಂದು ತಿರುವಿನ ನಾಲ್ಕಾರು ಕುಣಿಕೆಗಳ ಒಳಗೇ ಇರುತ್ತವೆ. ಪಕ್ಕದ ನೂರು ಕುಣಿಕೆಗಳನ್ನು ಅದಕ್ಕಾಗಿ ಯಾಕೆ ಬಿಚ್ಚಬೇಕು, ಅಲ್ವಾ?

ಕೆಳಗೆ ಕಣ್ಣಿಗೆ ಕಾಣುವ ಲಕ್ಷಣಗಳಿಂದಲೇ ಶುರು ಮಾಡಿದ್ದೇನೆ. ಪ್ರತಿಯೊಂದರಲ್ಲೂ ಸುಲಭದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಕೈಯಲ್ಲಿ ಒಂದು ಟೇಪು, ಕ್ರೋಶಾ ಕಡ್ಡಿ, ಮೊಂಡು ಮೂತಿಯ ದಪ್ಪ ಸೂಜಿ, ಬೇರೆ ಬಣ್ಣದ ನಯವಾದ ದಾರ, ಕೆಲವು ಸೇಫ್ಟಿ ಪಿನ್ ಇದ್ದರೆ ಸಾಕು. ಹಗಲು ಬೆಳಕಿನಲ್ಲಿ ಕೂತುಕೊಳ್ಳಿ. ಗಾಢ ಬಣ್ಣದ ಉಲ್ಲನ್ ಆದರೆ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಕುಣಿಕೆಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಅಗಲ ಕಮ್ಮಿ ಬರುತ್ತಿದೆ

ಅತಿ ಹೆಚ್ಚು ಕೇಳಿಬರುವ ದೂರು ಇದು. ಕುಣಿಕೆ ಎಣಿಸಿದರೆ ಲೆಕ್ಕ ಸರಿ. ಅಳೆದರೆ ಸ್ವೆಟರ್ ಸಣ್ಣದು.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಕಡ್ಡಿಯ ಮೇಲಿದ್ದಾಗ ಜಡೆಯ ಬಟ್ಟೆ ಮುದುಡಿಕೊಂಡೇ ಇರುತ್ತದೆ. ಅರ್ಧ ಕುಣಿಕೆಗಳನ್ನು ಇನ್ನೊಂದು ಕಡ್ಡಿಗೋ ದಾರಕ್ಕೋ ದಾಟಿಸಿ, ಬಟ್ಟೆಯನ್ನು ಮೇಜಿನ ಮೇಲೆ ಮಲಗಿಸಿ, ಅಂಗೈಯಿಂದ ಮೆಲ್ಲಗೆ ಸವರಿ. ಎಳೆಯಬೇಡಿ. ಕಡ್ಡಿಯಿಂದ ನಾಲ್ಕು ಬೆರಳು ಕೆಳಗೆ ಅಳೆಯಿರಿ. ಎಷ್ಟೋ ಸಲ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಕಾರಣ ಹೆಚ್ಚಾಗಿ ಸ್ಯಾಂಪಲ್ ತುಂಡಿನಲ್ಲಿರುತ್ತದೆ. ಸಾದಾ ಹೆಣಿಗೆಯಲ್ಲಿ ಸ್ಯಾಂಪಲ್ ಹಾಕಿ ಅಳೆದಿರುತ್ತೇವೆ, ಸ್ವೆಟರನ್ನು ಜಡೆಯಲ್ಲಿ ಹೆಣೆದಿರುತ್ತೇವೆ. ಕುಣಿಕೆಗಳು ಒಂದರ ಮೇಲೊಂದು ಹತ್ತಿದಾಗ ಪಕ್ಕಪಕ್ಕ ಇರುವಾಗ ಬೇಕಾದಷ್ಟು ಜಾಗ ಬೇಕಾಗುವುದಿಲ್ಲ. ಹಾಗಾಗಿ ಬಟ್ಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡೋಣ. ಸಾದಾ ಹೆಣಿಗೆಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಬರುತ್ತಿದೆ ಅಂದುಕೊಳ್ಳಿ. ಆಗ 6 ಕುಣಿಕೆಗೆ ಸುಮಾರು 2.7 ಸೆಂ.ಮೀ. ಅದೇ 6 ಕುಣಿಕೆಯ ಜಡೆಯನ್ನು ಅಳೆದರೆ 2 ಸೆಂ.ಮೀ. ಸಿಕ್ಕಿತು ಅನ್ನಿ. ಒಂದು ಜಡೆಗೆ 0.7 ಸೆಂ.ಮೀ. ಹೋಯಿತು. ಮುಂಭಾಗದಲ್ಲಿ ಐದು ಜಡೆ, ಹಿಂಭಾಗದಲ್ಲಿ ಐದು ಜಡೆ ಇದ್ದರೆ ಸುತ್ತಳತೆಯಲ್ಲಿ 7 ಸೆಂ.ಮೀ. ಮಾಯ. ಎದೆ 58 ಸೆಂ.ಮೀ. ಇರುವ ಮಗುವಿಗೆ 66 ಸೆಂ.ಮೀ. ಸ್ವೆಟರ್ ಅಂತ ಶುರು ಮಾಡಿದ್ದು 59ಕ್ಕೆ ಬಂದು ನಿಲ್ಲುತ್ತದೆ. ಮೈಗೆ ಅಂಟಿಕೊಳ್ಳುವ ಸ್ವೆಟರ್ ಅದು. ಒಳಗೆ ಅಂಗಿ ಹಾಕಲು ಜಾಗವಿಲ್ಲ, ಮಗುವಿಗೆ ಕೈ ಎತ್ತಲು ಆಗುವುದಿಲ್ಲ. ಮಕ್ಕಳಿಗೆ ಎದೆಯ ಅಳತೆಗಿಂತ 5ರಿಂದ 10 ಸೆಂ.ಮೀ. ಸಡಿಲ ಬೇಕೇ ಬೇಕು.

ಈಗಷ್ಟೇ ಶುರು ಮಾಡಿದ್ದರೆ ಪರಿಹಾರ ಸರಳ. ಕೆಳಗಿನ ಬಾರ್ಡರ್ ಪಟ್ಟಿ ಮುಗಿಯುವ ಸಾಲಿನಲ್ಲಿ ಜಡೆ ಬರುವ ಜಾಗಗಳಲ್ಲೇ ಒಂದೋ ಎರಡೋ ಕುಣಿಕೆ ಹೆಚ್ಚಿಸಿ. ಮೇಲಿನ ಲೆಕ್ಕಕ್ಕೆ ಮುಂಭಾಗದಲ್ಲಿ 8 ಕುಣಿಕೆ ಜಾಸ್ತಿ ಬೇಕು. ಹಾಗೆ ಹೆಚ್ಚಿಸಿದರೆ ಬಾರ್ಡರ್ ಸೊಂಟಕ್ಕೆ ಕೂರುತ್ತದೆ, ಮೇಲಿನ ಮೈ ತನ್ನ ಅಗಲಕ್ಕೆ ಬರುತ್ತದೆ.

ಕಂಕುಳ ತನಕ ಹೆಣೆದಾಗಿದ್ದರೆ ಕೂಡಲೇ ಬಿಚ್ಚಬೇಡಿ. ಸ್ಯಾಂಪಲ್ ತುಂಡನ್ನು ನೆನೆಸಿ, ನೀರು ಹಿಂಡದೆ ಒತ್ತಿ ತೆಗೆದು, ಹರಡಿ ಒಣಗಿಸಿ ಮತ್ತೆ ಅಳೆಯಿರಿ. ಉಣ್ಣೆಯಾದರೆ ಸ್ವಲ್ಪ ಅಗಲ ಕೊಡುತ್ತದೆ. ಅಕ್ರಿಲಿಕ್ ಅಷ್ಟು ಕೊಡುವುದಿಲ್ಲ. ಆಮೇಲೂ 5-6 ಸೆಂ.ಮೀ. ಕಮ್ಮಿ ಬಿದ್ದರೆ ಎರಡು ಬದಿಗೂ 3 ಸೆಂ.ಮೀ. ಅಗಲದ ಸಾದಾ ಪಟ್ಟಿ ಹೆಣೆದು ಸೇರಿಸಿ. ಕಂಕುಳ ಕೆಳಗೆ ಬರುವ ಪಟ್ಟಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮಗು ಬೆಳೆದಾಗಲೂ ಅದೇ ಜಾಗ ಕೆಲಸಕ್ಕೆ ಬರುತ್ತದೆ. ನನಗೆ ಇದು ಬಿಚ್ಚಿ ಮತ್ತೆ ಹೆಣೆಯುವುದಕ್ಕಿಂತ ಎಷ್ಟೋ ಮೇಲು ಅನ್ನಿಸುತ್ತದೆ.

10 ಸೆಂ.ಮೀ.ಗಿಂತ ಜಾಸ್ತಿ ಕಮ್ಮಿ ಇದ್ದರೆ ಮಾತ್ರ ನಿಲ್ಲಿಸಿ. ಅಷ್ಟು ವ್ಯತ್ಯಾಸ ಯಾವ ಪಟ್ಟಿಯಿಂದಲೂ ಚೆನ್ನಾಗಿ ಮುಚ್ಚುವುದಿಲ್ಲ. ಸುತ್ತಮುತ್ತ ಚಿಕ್ಕ ಮಗು ಇದ್ದರೆ ಅದರ ಅಳತೆಗೆ ಮುಗಿಸಿ. ಇಲ್ಲದಿದ್ದರೆ ಆಗ ಬಿಚ್ಚಬೇಕು.

ಒಂದು ತಿರುವು ಉಲ್ಟಾ ಬಿದ್ದಿದೆ

ಎಲ್ಲ ತಿರುವುಗಳೂ ಎಡಕ್ಕೆ ಬಾಗಿವೆ, ನಡುವೆ ಒಂದು ಮಾತ್ರ ಬಲಕ್ಕೆ. ಇದು ಹೆಣೆಯುವಾಗ ಕಾಣುವುದಿಲ್ಲ, ಎರಡು ಗೇಣು ಮುಂದೆ ಹೋದ ಮೇಲೆ ಎದ್ದು ಕಾಣುತ್ತದೆ.

ಕಾರಣ ಒಂದೇ. ಕೇಬಲ್ ಕಡ್ಡಿ ಅಂದರೆ ದಾಟಿಸುವಾಗ ಅರ್ಧ ಕುಣಿಕೆಗಳನ್ನು ಹಿಡಿದಿಡುವ ಚಿಕ್ಕ ಕಡ್ಡಿ. ಅದನ್ನು ಮುಂದೆ ಹಿಡಿದರೆ ತಿರುವು ಎಡಕ್ಕೆ ಬಾಗುತ್ತದೆ, ಹಿಂದೆ ಹಿಡಿದರೆ ಬಲಕ್ಕೆ. ನೆನಪಿಡಲು ನಾನು 'ಬೆಂಬಲ' ಎಂಬ ಪದ ಹಿಡಿದುಕೊಂಡಿದ್ದೇನೆ. ಬೆನ್ನ ಹಿಂದೆ ಹಿಡಿದರೆ ಬಲ. ಉಳಿದದ್ದು ಎಡ. ಈ ಪದ ಮನಸ್ಸಿಗೆ ಕೂತ ಮೇಲೆ ನನ್ನ ಕೈ ಅಷ್ಟಾಗಿ ತಪ್ಪಿಲ್ಲ.

ಸರಿಪಡಿಸುವ ಮೊದಲು ತಪ್ಪು ಎಷ್ಟು ಸಾಲು ಕೆಳಗಿದೆ ಎಂದು ಎಣಿಸಿ. ಅದರ ಮೇಲೆ ಅದೇ ಜಡೆಯ ಬೇರೆ ತಿರುವು ಬಂದಿದೆಯಾ ನೋಡಿ. ಬಂದಿಲ್ಲ ಅಂದರೆ ಕೆಲಸ ಹತ್ತು ನಿಮಿಷದ್ದು.

6 ಕುಣಿಕೆಯ ಜಡೆಯನ್ನೇ ತೆಗೆದುಕೊಳ್ಳೋಣ. ಆ ಜಡೆಯ ಆರು ಕುಣಿಕೆಗಳು ಬರುವ ತನಕ ಸಾಲನ್ನು ಹೆಣೆದು ನಿಲ್ಲಿಸಿ. ತಪ್ಪು ತಿರುವಿನ ಎರಡು ಸಾಲು ಕೆಳಗೆ, ಆರೂ ಕುಣಿಕೆಗಳ ಬಲಗಾಲಿನೊಳಗೆ (ಪ್ರತಿ ಕುಣಿಕೆಯ 'ವಿ' ಆಕಾರದ ಬಲ ಎಳೆ) ಬೇರೆ ಬಣ್ಣದ ದಾರ ಪೋಣಿಸಿಡಿ. ಕುಣಿಕೆ ಜಾರಿದರೂ ಈ ದಾರ ದಾಟಿ ಕೆಳಗೆ ಹೋಗುವುದಿಲ್ಲ. ಈಗ ಆ ಆರು ಕುಣಿಕೆಗಳನ್ನು ಮಾತ್ರ ಕಡ್ಡಿಯಿಂದ ಇಳಿಸಿ, ಒಂದೊಂದೇ ಸಾಲು ಬಿಡಿಸುತ್ತಾ ಹೋಗಿ. ಬಿಡಿಸಿದ ಪ್ರತಿ ಸಾಲಿಗೂ ಒಂದೊಂದು ನೂಲಿನ ಮೆಟ್ಟಿಲು ಅಡ್ಡಕ್ಕೆ ನಿಲ್ಲುತ್ತದೆ. ಏಣಿಯ ಹಾಗೆ. ತಿರುವು ಹಾಕಿದ ಸಾಲೂ ಬಿಚ್ಚಿದ ಮೇಲೆ ನಿಲ್ಲಿಸಿ.

ಆರು ಕುಣಿಕೆಗಳನ್ನು ಎರಡು ಮೂತಿಯ ಚಿಕ್ಕ ಕಡ್ಡಿಗೆ ಎತ್ತಿಕೊಳ್ಳಿ. ಸರಿಯಾದ ಕಡೆಗೆ ದಾಟಿಸಿ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಿಂದ ಆರನ್ನೂ ಹೆಣೆಯಿರಿ. ಆಮೇಲೆ ಅದರ ಮೇಲಿನ ಮೆಟ್ಟಿಲು. ಹೀಗೆ ಮೇಲೆ ಬನ್ನಿ. ಮೆಟ್ಟಿಲುಗಳ ಸರದಿ ತಪ್ಪುವುದೇ ಇಲ್ಲಿನ ಒಂದೇ ಅಪಾಯ. ಮೇಲಿನದನ್ನು ಮೊದಲು ಹೆಣೆದುಬಿಟ್ಟರೆ ಕೆಳಗಿನದು ಬೆನ್ನಿನ ಕಡೆ ಸಡಿಲವಾಗಿ ಜೋತುಬೀಳುತ್ತದೆ. ಬಟ್ಟೆಯನ್ನು ದಿಂಬಿನ ಮೇಲಿಟ್ಟು ಮೆಟ್ಟಿಲುಗಳನ್ನು ಪಿನ್ನಿನಿಂದ ಬೇರೆ ಬೇರೆ ಮಾಡಿ ಚುಚ್ಚಿಟ್ಟರೆ ಗೊಂದಲವಿರುವುದಿಲ್ಲ.

ಮುಗಿದ ಮೇಲೆ ಕುಣಿಕೆಗಳು ಏರುಪೇರಾಗಿ ಕಾಣುತ್ತವೆ. ಗಾಬರಿ ಬೇಡ. ಮೊಂಡು ಸೂಜಿಯ ಮೂತಿಯಿಂದ ಸಡಿಲವನ್ನು ಪಕ್ಕಕ್ಕೆ ಹಂಚಿ. ಒಮ್ಮೆ ತೊಳೆದರೆ ಉಳಿದದ್ದೂ ಕೂರುತ್ತದೆ.

ತಪ್ಪಿನ ಮೇಲೆ ಇನ್ನೂ ನಾಲ್ಕೈದು ತಿರುವು ಬಂದಿದ್ದರೆ ಇಳಿಸುವುದು ಬೇಡ. ಅದೇ ನೂಲನ್ನು ಸೂಜಿಗೆ ಪೋಣಿಸಿ, ಮೇಲೆ ಕಾಣಬೇಕಾದ ಮೂರು ಕುಣಿಕೆಗಳ ದಾರಿಯಲ್ಲೇ ಮೇಲಿಂದ ಕಸೂತಿ ಮಾಡಿ. ನಿಟ್ ಕುಣಿಕೆಯ, ಅಂದರೆ ಮುಂಬದಿಯಲ್ಲಿ ನಯವಾಗಿ ಕಾಣುವ ಸಾದಾ ಕುಣಿಕೆಯ 'ವಿ' ಆಕಾರವನ್ನೇ ಅನುಸರಿಸಿ. ಆ ಜಾಗ ಸ್ವಲ್ಪ ದಪ್ಪವಾಗುತ್ತದೆ, ಆದರೆ ಜಡೆ ಸರಿಯಾದ ಕಡೆಗೆ ದಾಟಿದ ಹಾಗೇ ಕಾಣುತ್ತದೆ.

ಕತ್ತರಿ ಹಾಕುವ ವಿಧಾನವೂ ಇದೆ. ಮೇಲೆ ಬಂದ ಮೂರು ಕುಣಿಕೆಗಳ ಮೇಲೂ ಕೆಳಗೂ ದಾರ ಪೋಣಿಸಿ, ನಡುವಿನ ಒಂದೇ ಎಳೆ ಕತ್ತರಿಸಿ, ಆ ಕುಣಿಕೆಗಳನ್ನು ಬಿಡಿಸಿ ಜಡೆಯ ಉಳಿದ ಮೂರು ಕುಣಿಕೆಗಳ ಹಿಂದಕ್ಕೆ ಸಾಗಿಸಿ, ಸೂಜಿಯಿಂದ ಮತ್ತೆ ಕುಣಿಕೆ ಕಟ್ಟುವುದು. ಚೆನ್ನಾಗಿ ಬಂದರೆ ಗುರುತೇ ಉಳಿಯುವುದಿಲ್ಲ. ಆದರೆ ಮೊದಲ ಸಲ ಸ್ವೆಟರಿನ ಮೇಲೆ ಮಾಡಬೇಡಿ. ಸ್ಯಾಂಪಲ್ ತುಂಡಿನಲ್ಲಿ ಎರಡು ಸಲ ಮಾಡಿ ನೋಡಿ, ಕೈ ನಡುಗದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಧೈರ್ಯ ಬರದಿದ್ದರೆ ಹೆಣಿಗೆ ಬಲ್ಲವರ ಕೈಗೆ ಕೊಡಿ.

ತಪ್ಪು ಕಂಕುಳ ಕೆಳಗೋ ಬದಿಯ ಹೊಲಿಗೆಯ ಪಕ್ಕವೋ ಇದ್ದರೆ? ಹಾಗೇ ಬಿಡಿ.

ಜಡೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ

ತಿರುವುಗಳ ನಡುವಿನ ಸಾಲುಗಳ ಎಣಿಕೆ ತಪ್ಪಿದೆ. ಸರಿಯಾಗಿ ಬಂದಿರುವ ಎರಡು ಹಳೆಯ ತಿರುವುಗಳನ್ನು ಹುಡುಕಿ. ಬೆನ್ನಿನ ಕಡೆಯಿಂದ ಜಡೆಯನ್ನು ಅಡ್ಡಕ್ಕೆ ಸ್ವಲ್ಪ ಹಿಗ್ಗಿಸಿದರೆ ತಿರುವಿನ ಜಾಗದಲ್ಲಿ ಸಣ್ಣ ಸಂದು ತೆರೆಯುತ್ತದೆ. ಒಂದು ಸಂದಿನಿಂದ ಇನ್ನೊಂದರವರೆಗೆ ಅಡ್ಡಗೆರೆಗಳನ್ನು ಎಣಿಸಿ. ಆ ಸಂಖ್ಯೆಯೇ ನಿಮ್ಮ ಅಳತೆಗೋಲು. ಈಗ ಅನುಮಾನವಿರುವ ಜಾಗದಲ್ಲಿ ಎಣಿಸಿ ಹೋಲಿಸಿ.

6 ಸಾಲಿಗೊಂದು, 8 ಸಾಲಿಗೊಂದು ತಿರುವು ಇರುವ ಮಾದರಿಯಲ್ಲಿ ತಿರುವು ಯಾವಾಗಲೂ ಮುಂಬದಿಯ ಸಾಲಿನಲ್ಲೇ ಬೀಳಬೇಕು. ತಿರುವಿನ ಸರದಿ ಬಂದಾಗ ನಿಮ್ಮ ಎದುರು ಬೆನ್ನಿನ ಬದಿ ಇದ್ದರೆ ಒಂದು ಸಾಲು ತಪ್ಪಿದೆ ಎಂದೇ ಅರ್ಥ. ಆ ಸಾಲು ಮುಗಿಸಿ ಮುಂಬದಿಯಲ್ಲಿ ತಿರುವು ಹಾಕಿ. ಬಟ್ಟೆ ತಿರುಗಿಸದೆ ಗೋಲವಾಗಿ ಹೆಣೆಯುವವರಿಗೆ ಯಾವಾಗಲೂ ಮುಂಬದಿಯೇ ಎದುರಿರುವುದರಿಂದ ಈ ಸುಳಿವು ಸಿಗುವುದಿಲ್ಲ. ಅವರು ಪ್ರತಿ ತಿರುವಿನ ಸಾಲಿಗೂ ಒಂದು ಸೇಫ್ಟಿ ಪಿನ್ ಚುಚ್ಚುತ್ತಾ ಹೋಗುವುದು ಒಳ್ಳೆಯದು.

ಎರಡು ಸಾಲಿನ ವ್ಯತ್ಯಾಸ ಒಂದೇ ಒಂದು ಕಡೆ ಇದ್ದರೆ ನಾನಂತೂ ಮುಟ್ಟುವುದಿಲ್ಲ. ಆದರೆ ಎರಡು ತೋಳುಗಳಲ್ಲಿ ವ್ಯತ್ಯಾಸವಿದ್ದರೆ ಸರಿಪಡಿಸಲೇಬೇಕು. ತೋಳನ್ನು ಟೇಪಿನಿಂದ ಅಳೆಯಬೇಡಿ, ಜಡೆ ಹಿಗ್ಗುತ್ತದೆ, ಟೇಪು ಮೋಸ ಮಾಡುತ್ತದೆ. ತಿರುವುಗಳನ್ನು ಎಣಿಸಿ. ಎರಡರಲ್ಲೂ ಅಷ್ಟೇ ತಿರುವು, ಅಷ್ಟೇ ಸಾಲು ಇದ್ದರೆ ತೋಳು ಸಮ.

ಜಡೆಯ ಎಡ ಅಂಚಿನ ಕುಣಿಕೆ ಮಾತ್ರ ದೊಗಳೆ

ಬಲ ಅಂಚು ಅಚ್ಚುಕಟ್ಟು. ಎಡ ಅಂಚಿನಲ್ಲಿ ಕೆಳಗಿನಿಂದ ಮೇಲಿನವರೆಗೆ ದೊಡ್ಡ ದೊಡ್ಡ ಕುಣಿಕೆಗಳ ಸಾಲು. ಇದು ನಿಮ್ಮ ಕೈಯ ದೋಷವಲ್ಲ. ಜಡೆಯ ಕೊನೆಯ ನಿಟ್ ಮುಗಿಸಿ, ಪಕ್ಕದ ಗಂಟಿನಂತೆ ಕಾಣುವ ಉಲ್ಟಾ ಕುಣಿಕೆಗೆ, ಅಂದರೆ ಪರ್ಲ್‌ಗೆ ಹೋಗುವಾಗ ನೂಲು ಹಿಂದಿನಿಂದ ಮುಂದಕ್ಕೆ ಬರಬೇಕು. ಆ ದಾರಿ ಸ್ವಲ್ಪ ಉದ್ದ. ಹೆಚ್ಚಾದ ನೂಲು ಕೊನೆಯ ನಿಟ್ ಕುಣಿಕೆಯಲ್ಲಿ ಸೇರಿಕೊಳ್ಳುತ್ತದೆ.

ಮೊದಲು ಸುಲಭದ್ದು. ಜಡೆ ದಾಟಿದ ಮೇಲೆ ಮೊದಲ ಪರ್ಲ್ ಹಾಕಿ ಒಮ್ಮೆ ನೂಲನ್ನು ಜಗ್ಗಿ, ಎರಡನೆಯದು ಹಾಕಿ ಮತ್ತೊಮ್ಮೆ. ಹತ್ತು ಸಾಲು ಹೀಗೆ ಹೆಣೆದು ನೋಡಿ. ಸಾಕಾಗದಿದ್ದರೆ ಆ ಮೊದಲ ಪರ್ಲ್ ಕುಣಿಕೆಗೆ ನೂಲನ್ನು ಕಡ್ಡಿಯ ಮೇಲಿಂದ ಸುತ್ತುವ ಬದಲು ಕೆಳಗಿನಿಂದ ತಂದು ಸುತ್ತಿ. ನೂಲು ಕಮ್ಮಿ ಹಿಡಿಯುತ್ತದೆ, ಸಡಿಲ ಇಳಿಯುತ್ತದೆ. ಹೀಗೆ ಹಾಕಿದ ಕುಣಿಕೆ ಕಡ್ಡಿಯ ಮೇಲೆ ತಿರುಗಿ ಕೂತಿರುತ್ತದೆ. ಮುಂದಿನ ಸಾಲಿನಲ್ಲಿ ಅದನ್ನು ಹಿಂಗಾಲಿನಿಂದ, ಅಂದರೆ ಕಡ್ಡಿಯ ಹಿಂದಿರುವ ಎಳೆಯಿಂದ ಹೆಣೆಯಲು ಮರೆಯಬೇಡಿ. ಮರೆತರೆ ಕುಣಿಕೆ ತಿರುಚಿಕೊಳ್ಳುತ್ತದೆ.

ಈಗಾಗಲೇ ಹೆಣೆದ ಭಾಗಕ್ಕೆ ಮೊಂಡು ಸೂಜಿಯೇ ಔಷಧಿ. ದೊಗಳೆ ಕುಣಿಕೆಯಿಂದ ಪಕ್ಕದ ಪರ್ಲ್‌ಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ಸ್ವಲ್ಪ ಸ್ವಲ್ಪವೇ ನೂಲನ್ನು ಸರಿಸಿ. ಬೇಸರದ ಕೆಲಸ. ಎದೆಯ ಭಾಗಕ್ಕೆ ಮಾತ್ರ ಮಾಡಿದರೂ ಸಾಕು.

ತಿರುವು ಹಾಕುವಾಗ ಕೈ ನೋಯುತ್ತಿದೆ, ನೂಲು ಸೀಳುತ್ತಿದೆ

ಕುಣಿಕೆಗಳು ಬಿಗಿಯಾಗಿವೆ. ತಿರುವಿನ ಹಿಂದಿನ ಸಾಲಿನಲ್ಲಿ ಜಡೆಯ ಕುಣಿಕೆಗಳನ್ನು ಸ್ವಲ್ಪ ಸಡಿಲವಾಗಿ ಹೆಣೆಯಿರಿ. ಬಹಳ ಮಂದಿಗೆ ಇಷ್ಟೇ ಸಾಕಾಗುತ್ತದೆ. ಕೇಬಲ್ ಕಡ್ಡಿ ಹೆಣೆಯುವ ಕಡ್ಡಿಗಿಂತ ದಪ್ಪವಿದೆಯಾ ನೋಡಿ. ಅದು ಸ್ವಲ್ಪ ತೆಳ್ಳಗೇ ಇರಬೇಕು. ಮೊಂಡು ಮೂತಿಯ ಮರದ ಕಡ್ಡಿಯಲ್ಲಿ ಹೆಣೆಯುತ್ತಿದ್ದರೆ ಚೂಪು ಮೂತಿಯ ಲೋಹದ ಕಡ್ಡಿಗೆ ಬದಲಾಯಿಸಿ.

ಹತ್ತಿಯ ನೂಲಿನಲ್ಲಿ ಈ ಕಷ್ಟ ಇದ್ದೇ ಇರುತ್ತದೆ. ಹತ್ತಿ ಹಿಗ್ಗುವುದಿಲ್ಲ. 8 ಕುಣಿಕೆಯ ದೊಡ್ಡ ಜಡೆಯನ್ನು ಬಿಟ್ಟು 4 ಕುಣಿಕೆಯದನ್ನು ಆರಿಸಿಕೊಳ್ಳಿ. ಮಗುವಿನ ಪುಟ್ಟ ಎದೆಗೆ ಸಣ್ಣ ಜಡೆಯೇ ಚೆಂದ.

ಹೆಬ್ಬೆರಳ ಬುಡದಲ್ಲೋ ಮಣಿಕಟ್ಟಿನಲ್ಲೋ ನೋವು ಬಂದರೆ ಆ ದಿನಕ್ಕೆ ಕಡ್ಡಿ ಕೆಳಗಿಡಿ. ಬೆರಳು ಜೋಮು ಹಿಡಿಯುವುದು, ರಾತ್ರಿ ಮಲಗಿದಾಗಲೂ ನೋವಿರುವುದು ಕಂಡರೆ ಹೆಣಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಚಳಿಗಾಲ ಮತ್ತೆ ಬರುತ್ತದೆ, ಕೈಯನ್ನು ಕಾಪಾಡಿಕೊಳ್ಳಿ.

ಜಡೆ ಎದ್ದು ಕಾಣುತ್ತಿಲ್ಲ

ಜಡೆಯ ಎರಡೂ ಬದಿಗೆ ಪರ್ಲ್ ಕುಣಿಕೆಗಳಿವೆಯಾ? ಕನಿಷ್ಠ ಎರಡೆರಡು ಬೇಕು. ತಗ್ಗು ಇದ್ದರೆ ತಾನೇ ದಿಣ್ಣೆ ಕಾಣುವುದು? ಪರ್ಲ್ ಇದ್ದೂ ಕಾಣದಿದ್ದರೆ ನೂಲು ನೋಡಿ. ಕಪ್ಪು, ಕಡುನೀಲಿ, ಬಣ್ಣ ಬಣ್ಣದ ಎಳೆ, ತುಂಬಾ ನವಿರುಗೂದಲಿನ ನೂಲು, ಇವೆಲ್ಲ ಜಡೆಯನ್ನು ನುಂಗುತ್ತವೆ. ಚೆನ್ನಾಗಿ ಹುರಿಗೊಂಡ ತಿಳಿ ಬಣ್ಣದ ನೂಲಿನಲ್ಲಿ ಅದೇ ಜಡೆ ಕಡೆದಿಟ್ಟ ಹಾಗೆ ನಿಲ್ಲುತ್ತದೆ. ಅರ್ಧ ಸ್ವೆಟರ್ ಆದ ಮೇಲೆ ನೂಲು ಬದಲಾಯಿಸಲು ಆಗುವುದಿಲ್ಲ, ಸ್ಯಾಂಪಲ್ ಹಾಕುವಾಗಲೇ ನಾಲ್ಕು ಹೆಜ್ಜೆ ದೂರ ನಿಂತು ನೋಡಿ.

ತಲೆ ತೂರುತ್ತಿಲ್ಲ

ಸ್ವೆಟರ್ ಮುಗಿದಿದೆ. ಮಗುವನ್ನು ಕರೆದು ತೊಡಿಸುತ್ತೀರಿ. ಹಣೆ ದಾಟುತ್ತದೆ, ಕಿವಿಯ ಹತ್ತಿರ ನಿಲ್ಲುತ್ತದೆ. ಒಳಗಿನಿಂದ "ಅಮ್ಮಾ, ಕತ್ತಲೆ" ಅಂತ ಸಣ್ಣ ಧ್ವನಿ. ಎರಡು ಪುಟ್ಟ ಕೈಗಳು ಬಟ್ಟೆಯನ್ನು ತಳ್ಳುತ್ತವೆ. ನಮ್ಮ ಮನೆಯಲ್ಲಿ ಇದು ನಡೆದ ಮೇಲೆ ಆ ಮಗು ಒಂದು ತಿಂಗಳು ಯಾವ ಸ್ವೆಟರಿಗೂ ತಲೆ ಕೊಡಲಿಲ್ಲ. ದಯವಿಟ್ಟು ಬಲವಂತವಾಗಿ ಎಳೆಯಬೇಡಿ. ಮೆಲ್ಲಗೆ ಹಿಂದಕ್ಕೆ ತೆಗೆಯಿರಿ.

ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು. 2 ವರ್ಷದ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 47-48 ಸೆಂ.ಮೀ. ಇರುತ್ತದೆ. 5 ವರ್ಷಕ್ಕೆ 50ರ ಆಸುಪಾಸು. ದೊಡ್ಡವರ ಮಾದರಿಯನ್ನು ಅದೇ ಅನುಪಾತದಲ್ಲಿ ಚಿಕ್ಕದು ಮಾಡಿದರೆ ಕೊರಳು ಖಂಡಿತ ಸಾಲುವುದಿಲ್ಲ.

ಕೊರಳನ್ನು ಎರಡು ಕೈಯಲ್ಲಿ ಹಿಗ್ಗಿಸಿ ಟೇಪಿನ ಮೇಲಿಡಿ. ಬಂದ ಅಗಲದ ಎರಡರಷ್ಟು ಕೊರಳಿನ ಸುತ್ತಳತೆ. ಅದು ತಲೆಯ ಸುತ್ತಳತೆಗಿಂತ 2 ಸೆಂ.ಮೀ.ಯಾದರೂ ಜಾಸ್ತಿ ಹಿಗ್ಗಬೇಕು. ಹಿಗ್ಗದಿದ್ದರೆ ಯಾವ ಗೆರೆ ತಡೆಯುತ್ತಿದೆ ಎಂದು ಬೆರಳಾಡಿಸಿ ನೋಡಿ. ಹೆಚ್ಚಾಗಿ ತಡೆಯುವುದು ತೀರಾ ಮೇಲಿನ ಅಂಚು, ಅಂದರೆ ಕುಣಿಕೆ ಮುಚ್ಚಿದ ಸಾಲು. ಪಟ್ಟಿ ರಬ್ಬರಿನ ಹಾಗೆ ಹಿಗ್ಗುತ್ತದೆ, ಅಂಚು ಮಾತ್ರ ತಂತಿಯ ಹಾಗೆ ಬಿಗಿ.

ಹಾಗಿದ್ದರೆ ಅದೊಂದೇ ಸಾಲು ಬಿಚ್ಚಿ. ಎರಡು ಸೈಜು ದಪ್ಪ ಕಡ್ಡಿಯಲ್ಲಿ ಮತ್ತೆ ಮುಚ್ಚಿ. ಇನ್ನೂ ಹಿಗ್ಗು ಬೇಕೆಂದರೆ ಎರಡು ಕುಣಿಕೆಗಳನ್ನು ಹಿಂಗಾಲಿನಿಂದ ಒಟ್ಟಿಗೆ ಹೆಣೆದು, ಬಂದ ಒಂದು ಕುಣಿಕೆಯನ್ನು ಎಡ ಕಡ್ಡಿಗೆ ಮರಳಿಸಿ, ಅದನ್ನು ಮುಂದಿನದರ ಜೊತೆ ಮತ್ತೆ ಹಾಗೇ ಹೆಣೆಯುತ್ತಾ ಹೋಗಿ. ನೂಲನ್ನು ಜಗ್ಗಬೇಡಿ.

ತಡೆಯುತ್ತಿರುವುದು ಪಟ್ಟಿಯ ಬುಡವಾದರೆ ಪಟ್ಟಿಯನ್ನೇ ತೆಗೆದು, ಸ್ವಲ್ಪ ಜಾಸ್ತಿ ಕುಣಿಕೆ ಎತ್ತಿಕೊಂಡು ಹೊಸದಾಗಿ ಹೆಣೆಯಿರಿ. ಬಟ್ಟೆಯ ಕೊರಳೇ ಚಿಕ್ಕದಾದರೆ ಎಡ ಭುಜದ ಹೊಲಿಗೆ ಬಿಡಿಸಿ, ಮುಂದೆ ಹಿಂದೆ ಸಣ್ಣ ಪಟ್ಟಿ ಹೆಣೆದು, ಎರಡು ಮೂರು ಗುಂಡಿ ಹಾಕಿ. ಮೂರು ವರ್ಷದೊಳಗಿನ ಮಗುವಿಗಾದರೆ ನಾನು ಶುರುವಿನಲ್ಲೇ ಭುಜದ ಗುಂಡಿ ಇಟ್ಟು ಹೆಣೆಯುತ್ತೇನೆ.

ಕೊರಳು ಅಗಲವಾಗಿ ಭುಜದಿಂದ ಜಾರುತ್ತಿದ್ದರೆ ಒಳಗಡೆ, ಬೆನ್ನಿನ ಕೊರಳ ಹೊಲಿಗೆಯ ಮೇಲೆ ಒಂದು ಸಾಲು ಕ್ರೋಶಾ ಸರಪಣಿ ಹಾಕಿದರೆ ಹಿಡಿದು ನಿಲ್ಲುತ್ತದೆ. ಕೊರಳಿಗೆ ದಾರ ಪೋಣಿಸಿ ಬಿಗಿ ಮಾಡುವ ಉಪಾಯ ಮಾತ್ರ ಬೇಡವೇ ಬೇಡ. ಜಾರುಬಂಡೆಗೋ ಬಾಗಿಲ ಚಿಲಕಕ್ಕೋ ಆ ದಾರ ಸಿಕ್ಕಿಕೊಂಡರೆ ಮಗುವಿನ ಉಸಿರು ಕಟ್ಟುತ್ತದೆ. ಇಂಥ ಸಾವುಗಳಾದ ಮೇಲೆಯೇ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1996ರಲ್ಲಿ ಮಕ್ಕಳ ಮೇಲುಡುಪಿನ ಕೊರಳಿಗೂ ಟೋಪಿಗೂ ದಾರ ಬೇಡ ಎಂದು ಮಾರ್ಗಸೂಚಿ ಹೊರಡಿಸಿತು.

ಭುಜದ ಅಂಚು ಅಲೆಅಲೆಯಾಗಿ ಅರಳಿಕೊಂಡಿದೆ

ಜಡೆ ಸೆಳೆದು ಹಿಡಿದಿದ್ದ ಕುಣಿಕೆಗಳು ಮುಚ್ಚುವ ಸಾಲಿನಲ್ಲಿ ಬಿಡುಗಡೆಯಾಗಿ ಹರಡುತ್ತವೆ. ಆ ಸಾಲು ಬಿಚ್ಚಿ, ಜಡೆಯ ಮೇಲೆ ಬಂದಾಗ ಎರಡು ಕುಣಿಕೆ ಒಟ್ಟಿಗೆ ಹೆಣೆದು ಮುಚ್ಚಿ. 6 ಕುಣಿಕೆಯ ಜಡೆಗೆ ಎರಡು ಸಲ ಹೀಗೆ ಮಾಡಿದರೆ ಅಂಚು ನೇರವಾಗುತ್ತದೆ. ಭುಜ ಜೋಡಿಸಲು ಈಗ ಸುಲಭ.

ನೂಲು ಸಾಲುತ್ತದೋ ಇಲ್ಲವೋ ಎಂಬ ಭಯ

ಒಂದು ತೋಳು ಮುಗಿದ ಕೂಡಲೇ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಉಳಿದ ಉಂಡೆಗಳನ್ನೂ ತೂಗಿ. ಇನ್ನೊಂದು ತೋಳಿಗೆ ಅಷ್ಟೇ ಬೇಕು, ಕೊರಳ ಪಟ್ಟಿಗೆ, ಹೊಲಿಗೆಗೆ ಸ್ವಲ್ಪ. ಊಹೆಯ ಅಗತ್ಯವೇ ಇಲ್ಲ. ಜಡೆ ಸಾದಾ ಹೆಣಿಗೆಗಿಂತ ಜಾಸ್ತಿ ನೂಲು ತಿನ್ನುತ್ತದೆ, ಕೊಳ್ಳುವಾಗಲೇ ಕಾಲು ಭಾಗ ಹೆಚ್ಚಿಗೆ ಕೊಂಡಿಡಿ.

ಸಾಲದೆ ಹೊಸ ಉಂಡೆ ತಂದರೆ ಬಣ್ಣ ಕೂದಲೆಳೆಯಷ್ಟು ಬೇರೆ ಇರಬಹುದು. ಬೇರೆ ಬೇರೆ ಸಲ ಬಣ್ಣ ಹಾಕಿದ ನೂಲು ಒಂದೇ ಸಮ ಬರುವುದಿಲ್ಲ. ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಹೀಗೆ ಕೆಲವು ಬೆರಳಗಲ ಬೆರೆಸಿ ಹೆಣೆದರೆ ಗೆರೆ ಕಾಣುವುದಿಲ್ಲ. ಇಲ್ಲವಾದರೆ ಬಾರ್ಡರ್, ಕೊರಳು, ಮುಂಗೈ ಪಟ್ಟಿಗಳಿಗೆ ಮಾತ್ರ ಹೊಸ ನೂಲು ಹಾಕಿ.

ತೊಳೆದ ಮೇಲೆ ಆಕಾರ ಕೆಟ್ಟಿತು

ಉದ್ದಕ್ಕೆ ಜೋತುಬಿದ್ದಿದ್ದರೆ ಒದ್ದೆಯಾಗಿದ್ದಾಗ ನೇತುಹಾಕಿರುತ್ತೀರಿ, ಇಲ್ಲವೇ ಅದು ಯಂತ್ರದಲ್ಲಿ ತೊಳೆಯಬಹುದಾದ ಹಾಗೆ ಸಂಸ್ಕರಿಸಿದ ಉಣ್ಣೆ. ಅಂಥ ಉಣ್ಣೆ ನೀರಿನಲ್ಲಿ ಹಿಗ್ಗುತ್ತದೆ. ಮತ್ತೆ ನೆನೆಸಿ, ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರು ಒತ್ತಿ, ಸಮತಟ್ಟಾದ ಜಾಗದಲ್ಲಿ ಅಳತೆಗೆ ತಳ್ಳಿ ಕೂರಿಸಿ ಒಣಗಿಸಿ. ಬಹಳಷ್ಟು ಮರಳಿ ಬರುತ್ತದೆ.

ಕುಗ್ಗಿ ಗಟ್ಟಿಯಾಗಿ, ಕುಣಿಕೆಗಳೇ ಕಾಣದಂತೆ ಮೆತ್ತಿಕೊಂಡಿದ್ದರೆ ಬಿಸಿನೀರೂ ಉಜ್ಜುವಿಕೆಯೂ ಸೇರಿ ಉಣ್ಣೆಯ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಇದು ಹಿಂದಕ್ಕೆ ಬರುವುದಿಲ್ಲ. ಏನೇನೋ ಹಚ್ಚಿ ಎಳೆಯುತ್ತಾ ಸಮಯ ಕಳೆಯಬೇಡಿ.

ಜಡೆಗಳು ಚಪ್ಪಟೆಯಾಗಿ, ಬಟ್ಟೆ ಜೋಲುಬಿದ್ದಿದ್ದರೆ ಅಕ್ರಿಲಿಕ್ ಮೇಲೆ ಇಸ್ತ್ರಿಪೆಟ್ಟಿಗೆ ಓಡಿದೆ. ಅದೂ ಶಾಶ್ವತ. ಅಕ್ರಿಲಿಕ್ ಪ್ಲಾಸ್ಟಿಕ್ಕಿನ ನೂಲು, ಬಿಸಿಗೆ ಮೆತ್ತಗಾಗಿ ತನ್ನ ಪುಟಿತ ಕಳೆದುಕೊಳ್ಳುತ್ತದೆ. ಇದೇ ಕಾರಣಕ್ಕೆ ಅಕ್ರಿಲಿಕ್ ಸ್ವೆಟರ್ ತೊಟ್ಟ ಮಗುವನ್ನು ಒಲೆ, ದೀಪ, ಬೆಂಕಿಯ ಹತ್ತಿರ ಬಿಡಬೇಡಿ. ಅದು ಹೊತ್ತಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ, ಕರಗುವುದೂ ಇಲ್ಲ.

ಎಲ್ಲ ಸರಿಯಿದೆ, ಆದರೂ ಮಗು ಬೇಡ ಅನ್ನುತ್ತದೆ

ಮಗು ಸುಮ್ನೆ ಹಟ ಮಾಡುತ್ತಿದೆ ಅಂದುಕೊಳ್ಳಬೇಡಿ. ಸ್ವೆಟರನ್ನು ಒಳಗು ಹೊರಗು ಮಾಡಿ ನಿಮ್ಮ ಕುತ್ತಿಗೆಯ ಬದಿಗೆ ಒತ್ತಿ ಹಿಡಿಯಿರಿ, ಅಂಗೈಗಲ್ಲ. ಅಂಗೈಗೆ ಚುಚ್ಚುವುದು ಗೊತ್ತಾಗುವುದಿಲ್ಲ. ಒರಟು ನೂಲಾದರೆ ಒಳಗೆ ಉದ್ದ ತೋಳಿನ ಹತ್ತಿ ಅಂಗಿ ಹಾಕಿಸಿ, ಕೊರಳ ಪಟ್ಟಿಯ ಒಳಬದಿಗೆ ಮೆತ್ತನೆಯ ಹತ್ತಿ ಬಟ್ಟೆ ಹೊಲಿಯಿರಿ. ಚರ್ಮ ಕೆಂಪಾಗಿ ದದ್ದು ಎದ್ದರೆ ಸ್ವೆಟರ್ ತೆಗೆದಿಡಿ. ದದ್ದು ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಚುಚ್ಚುತ್ತಿಲ್ಲ ಅಂದರೆ ಮಗುವಿಗೆ ಕೈ ಎತ್ತಲು, ಬಗ್ಗಲು ಹೇಳಿ. ಕಂಕುಳಲ್ಲಿ ಬಟ್ಟೆ ಮುದ್ದೆಯಾಗುತ್ತಿದೆಯಾ, ಮೊಣಕೈ ಮಡಚುವಾಗ ತೋಳಿನ ಜಡೆ ಬಿಗಿಯುತ್ತಿದೆಯಾ ನೋಡಿ. ದಪ್ಪ ನೂಲಿನ ಜಡೆ ಸ್ವೆಟರ್ ಪುಟ್ಟ ಮೈಗೆ ಭಾರ. ಮುಂದಿನ ಸಲ ಎದೆಗೆ ಮಾತ್ರ ಜಡೆ ಹಾಕಿ, ತೋಳುಗಳನ್ನು ಸಾದಾ ಬಿಡಿ.

ಕೊನೆಗೆ ಸ್ವೆಟರಿನ ಒಳಬದಿಯಲ್ಲಿ ನಿಮ್ಮ ಬೆರಳುಗಳನ್ನು ತೋಳಿನ ತುದಿಯವರೆಗೆ ಓಡಿಸಿ. ಉದ್ದ ಎಳೆ, ಸಡಿಲ ಕುಣಿಕೆ ಎಲ್ಲಾದರೂ ಬೆರಳಿಗೆ ಸಿಕ್ಕರೆ ಅಲ್ಲೇ ಹೊಲಿದು ಮುಚ್ಚಿ. ಪುಟ್ಟ ಬೆರಳು ಅದರೊಳಗೆ ಸಿಕ್ಕಿ ಸುತ್ತಿಕೊಳ್ಳಬಹುದು. ಗುರುತಿಗೆ ಚುಚ್ಚಿದ ಸೇಫ್ಟಿ ಪಿನ್ನುಗಳನ್ನು ಎಣಿಸಿ ತೆಗೆಯಿರಿ. ಪ್ರತಿ ಗುಂಡಿಯನ್ನೂ ಜೋರಾಗಿ ಎಳೆದು ನೋಡಿ. ಅಲ್ಲಾಡುವ ಗುಂಡಿಯನ್ನು ಬಿಡಿಸಿ, ಬಟ್ಟೆಯ ಹಿಂದೆ ಇನ್ನೊಂದು ಚಿಕ್ಕ ಗುಂಡಿ ಇಟ್ಟು, ಗಟ್ಟಿ ದಾರದಲ್ಲಿ ಎರಡನ್ನೂ ಸೇರಿಸಿ ಹೊಲಿಯಿರಿ. ಆಮೇಲೆ ಮಗುವನ್ನು ಕರೆಯಿರಿ.